55 ಸಾವಿರದಲ್ಲಿ ಗೇಮಿಂಗ್ ಪಿಸಿ: ನಮ್ಮ ಮನೆಯ ಬೇಸಿಗೆ ರಜೆಯ ಕೆಲಸ

ಏಪ್ರಿಲ್ 13, 2024, ಶನಿವಾರ

ಮಗಳ ಎಸ್‌ಎಸ್‌ಎಲ್‌ಸಿ ಪರೀಕ್ಷೆ 6ನೇ ತಾರೀಕು ಮುಗಿಯಿತು. ಅವತ್ತು ಸಂಜೆಯೇ ಅಕ್ಕ, ತಮ್ಮ ಇಬ್ಬರೂ ನನ್ನ ಮುಂದೆ ಬಂದು ಕೂತರು. ಮಗನಿಗೆ ವ್ಯಾಲೊರಂಟ್ ಆಡಬೇಕು. ಮಗಳಿಗೆ 3ಡಿ ಚಿತ್ರ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್ ಕಲಿಯಬೇಕು. ಮನೆಯ ಹಳೇ ಲ್ಯಾಪ್‌ಟಾಪ್ ಎರಡಕ್ಕೂ ಬಗ್ಗುವುದಿಲ್ಲ. ಅವರು ಕೂಡಿಟ್ಟ ದುಡ್ಡು 14 ಸಾವಿರ, ಉಳಿದದ್ದು ನನ್ನದು. ಒಟ್ಟು 55 ಸಾವಿರ. ಒಂದೇ ಷರತ್ತು ಹಾಕಿದೆ: ಜೋಡಿಸುವುದು ನೀವೇ, ನಾನು ಪಕ್ಕದಲ್ಲಿ ಕೂತಿರುತ್ತೇನೆ.

ಯುಗಾದಿ ಹೋಳಿಗೆ ತಿನ್ನುವಾಗಲೂ ಇದೇ ಚರ್ಚೆ. ಮಗ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್ ತಗೊಳ್ಳೋಣ ಅಂದ. 7 ಸಾವಿರಕ್ಕೆ ಸಿಗುತ್ತೆ, ಉಳಿದ ದುಡ್ಡಲ್ಲಿ ದೊಡ್ಡ ಮಾನಿಟರ್ ಬರುತ್ತೆ ಅನ್ನುವುದು ಅವನ ವಾದ. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್, ಅಂದರೆ ಗ್ರಾಫಿಕ್ಸ್ ಕಾರ್ಡ್ ಓಡಿಸಿ ಆ ಡಿಜಿಟಲ್ ನಾಣ್ಯ ಗಳಿಸುವುದು, ನಿಂತ ಮೇಲೆ, ಹಗಲು ರಾತ್ರಿ ದುಡಿದ ಕಾರ್ಡ್‌ಗಳು ಬೇಕಾದಷ್ಟು ಮಾರುಕಟ್ಟೆಗೆ ಬಂದಿವೆ. ಯಾವುದು ಹೇಗಿದೆ ಅಂತ ಹೊರಗಿಂದ ಹೇಳೋಕಾಗಲ್ಲ. ಮಗಳು ನೋಟ್‌ಬುಕ್ ತೆಗೆದು ಇನ್ನೊಂದು ಲೆಕ್ಕ ತೋರಿಸಿದಳು. ಆರ್‌ಎಕ್ಸ್ 580ಗೆ 185 ವ್ಯಾಟ್ ಬೇಕು. ಹೊಸ ಆರ್‌ಎಕ್ಸ್ 6600ಗೆ 132 ವ್ಯಾಟ್ ಸಾಕು, ಕೆಲಸವೂ ಜಾಸ್ತಿ ಮಾಡುತ್ತೆ. ತಮ್ಮ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದ, ಆಮೇಲೆ ಒಪ್ಪಿದ. ಮಾನಿಟರ್‌ಗೆ ಚಿಕ್ಕಪ್ಪನ ಮನೆಯ ಹಳೇ 22 ಇಂಚಿನದು ಇದೆ.

ಏಪ್ರಿಲ್ 20, ಶನಿವಾರ

ಬೆಳಗಿನ ರೈಲಿಗೆ ತುಮಕೂರು ಬಿಟ್ಟೆವು. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಚಿಕ್ಕಪೇಟೆ ಒಂದೇ ಸ್ಟಾಪು. ಅಲ್ಲಿಂದ ನಡೆದುಕೊಂಡೇ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡ್ ಸೇರಿದೆವು. ಬಿಸಿಲು ಅಂದರೆ ಬಿಸಿಲು. ಮೊದಲ ಅಂಗಡಿಯಲ್ಲೇ ಯಾವುದನ್ನೂ ತಗೊಳ್ಳಲಿಲ್ಲ. ನಾಲ್ಕು ಕಡೆ ರೇಟ್ ಬರೆಸಿಕೊಂಡು, ಎಳನೀರು ಕುಡಿದು, ಕೂತು ಹೋಲಿಸಿದೆವು.

ರೈಜನ್ 5 5600 ಪ್ರೊಸೆಸರ್ 11,500. ಬಿ550 ಮದರ್‌ಬೋರ್ಡ್ 7,200. 8 ಜಿಬಿಯ ಎರಡು ರ್‍ಯಾಮ್ ಸೇರಿ 3,300. 500 ಜಿಬಿ ಎಸ್‌ಎಸ್‌ಡಿ 3,400. ಗ್ರಾಫಿಕ್ಸ್ ಕಾರ್ಡ್ 20,400. ಕ್ಯಾಬಿನೆಟ್ 3,200. ಎಲ್ಲಕ್ಕೂ ಕರೆಂಟ್ ಹಂಚುವ ಎಸ್‌ಎಂಪಿಎಸ್ 3,900. ಎಲ್ಲ ಸೇರಿ 52,900.

ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಕ್ಯಾಬಿನೆಟ್ ಜೊತೆ 900 ರೂಪಾಯಿಗೆ ಒಂದು ಹಾಕಿಕೊಡ್ತೀವಿ ಅಂದರು ಒಂದು ಅಂಗಡಿಯವರು. ಎತ್ತಿ ನೋಡಿದರೆ ಖಾಲಿ ಡಬ್ಬದ ಹಾಗೆ ಹಗುರ. ಉಳಿದ 49 ಸಾವಿರದ ಸಾಮಾನೆಲ್ಲ ಈ ಒಂದರ ಮೇಲೆ ನಿಂತಿರುತ್ತೆ. ಅದಕ್ಕೇ 550 ವ್ಯಾಟ್‌ನ, ಕರೆಂಟ್ ಕಡಿಮೆ ಪೋಲು ಮಾಡುತ್ತೆ ಅನ್ನುವ ಬ್ರಾಂಜ್ ರೇಟಿಂಗ್ ಇರುವುದನ್ನೇ ತಗೊಂಡೆವು. ಬಣ್ಣದ ಲೈಟಿನ ಫ್ಯಾನ್ ಬೇಕಿತ್ತು ಮಗನಿಗೆ, ಅದು ಹೋಯಿತು. ಬಿಲ್ ಬೇಡ ಅಂದ್ರೆ 2 ಸಾವಿರ ಕಡಿಮೆ ಮಾಡ್ತೀವಿ ಅಂತಲೂ ಒಬ್ಬರು ಅಂದರು. ಬಿಲ್ ಇಲ್ಲದೆ ನಾಳೆ ವಾರಂಟಿ ಕೇಳುವುದು ಹೇಗೆ? ಬಿಲ್ ಹಾಕಿಸಿಕೊಂಡೇ ಬಂದೆವು.

ಏಪ್ರಿಲ್ 26, ಶುಕ್ರವಾರ

ಬೆಳಗ್ಗೆ ವೋಟು ಹಾಕಿ ಬಂದು, ಊಟದ ಟೇಬಲ್ ಖಾಲಿ ಮಾಡಿ ಶುರು ಮಾಡಿದೆವು.

ಪ್ರೊಸೆಸರ್ ಕೂರಿಸಿದ್ದು ಮಗಳು. ಎಎಂ4 ಸಾಕೆಟ್‌ಗೆ ಕೂರುವ ಈ ಪ್ರೊಸೆಸರ್ ಅಡಿಯಲ್ಲಿ 1,331 ಪಿನ್ ಇವೆ, ಒಂದೊಂದೂ ಕೂದಲೆಳೆಯಷ್ಟು. ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಬಿಟ್ಟರೆ ತಾನಾಗಿ ಇಳಿಯಬೇಕು. ಒತ್ತಲೇಬಾರದು. ಅವಳು ಉಸಿರು ಬಿಗಿಹಿಡಿದು ಇಟ್ಟಳು. ಅದು ಇಳಿದು ಕೂತಾಗ ಮೂವರೂ ಒಟ್ಟಿಗೆ ಉಸಿರು ಬಿಟ್ಟೆವು.

ಕೂಲರ್ ಮಗನ ಪಾಲು. ಮೊದಲು ಬೋರ್ಡ್ ಮೇಲಿನ ಪ್ಲಾಸ್ಟಿಕ್ ಹಿಡಿಗಳನ್ನು ಬಿಚ್ಚಬೇಕು. ಬಿಚ್ಚಿದ ಕೂಡಲೇ ಹಿಂದಿನ ಪ್ಲೇಟ್ ಕಳಚಿ ಬೀಳುತ್ತೆ, ಅದನ್ನು ಅಕ್ಕ ಕೈಯಲ್ಲಿ ಹಿಡಿದುಕೊಂಡಳು. ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಯಲ್ಲಿ ಎರಡೆರಡು ಸುತ್ತು ತಿರುಗಿಸುತ್ತಾ ಹೋದ. ಒಂದನ್ನೇ ಪೂರ್ತಿ ಬಿಗಿ ಮಾಡಿದರೆ ಇನ್ನೊಂದು ಕಡೆ ಎದ್ದುಕೊಳ್ಳುತ್ತೆ. ರ್‍ಯಾಮ್ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹೋಯಿತು.

ಸಂಜೆ 5ಕ್ಕೆ ಸ್ವಿಚ್ ಒತ್ತಿದರು. ಫ್ಯಾನ್ ತಿರುಗಿತು, ಮಾನಿಟರ್‌ನಲ್ಲಿ ಏನೂ ಇಲ್ಲ. ರ್‍ಯಾಮ್ ತೆಗೆದು ಹಾಕಿದರು, ಕಾರ್ಡ್ ತೆಗೆದು ಹಾಕಿದರು. ಕಾರಣ ನನಗೆ ಕಂಡಿತ್ತು, ಆದರೂ ಬಾಯಿಬಿಡಲಿಲ್ಲ. ಇಪ್ಪತ್ತು ನಿಮಿಷ ಆದ ಮೇಲೆ ಮಗಳು ಟಾರ್ಚ್ ಹಿಡಿದು ಹಿಂದೆ ಹೋದಳು. "ಲೋ, ಕೇಬಲ್ ಮದರ್‌ಬೋರ್ಡ್‌ಗೆ ಹಾಕಿದೀವಿ ಕಣೋ!" ಈ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲ, ಮಾನಿಟರ್ ಕೇಬಲ್ ಕಾರ್ಡ್‌ಗೇ ಹಾಕಬೇಕು. ಹಾಕಿದಳು, ಚಿತ್ರ ಬಂತು. ಆ ಕೂಗು ಎದುರು ಮನೆಗೂ ಕೇಳಿಸಿರುತ್ತೆ.

ಏಪ್ರಿಲ್ 28, ಭಾನುವಾರ

ರ್‍ಯಾಮ್ 2133ರ ವೇಗದಲ್ಲೇ ಓಡುತ್ತಿತ್ತು. ಬಯಾಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ, ಪೂರ್ತಿ ವೇಗ ಕೊಡುವ ಎಕ್ಸ್‌ಎಂಪಿ ಆನ್ ಮಾಡಿದ ಮೇಲೆ 3200 ಬಂತು. ಇದನ್ನು ಮಾಡದೆ ಬಿಟ್ಟವರು ಎಷ್ಟೋ ಜನ ಇರಬಹುದು, ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ.

ಇವತ್ತಿನ ದೊಡ್ಡ ವಿಷಯ ಬೇರೆ. ಮಗ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಹಿಂದಿನ ಸ್ಕ್ರೂ ಮುಟ್ಟಿದ. "ಅಪ್ಪಾ, ಜುಮ್ ಅಂತು." ಟೆಸ್ಟರ್ ಇಟ್ಟೆ, ದೀಪ ಹತ್ತಿತು. ನನ್ನ ಎದೆ ಝಲ್ಲೆಂದಿತು. ತಕ್ಷಣ ಪ್ಲಗ್ ಕಿತ್ತೆ.

ಎಸ್‌ಎಂಪಿಎಸ್ ಹಾಳಾಗಿದೆ ಅಂದುಕೊಂಡೆ. ಹಾಗಲ್ಲ. ಕರೆಂಟಿನಲ್ಲಿ ಸೇರುವ ಬೇಡದ ನಾಯ್ಸ್ ಸೋಸಲು ಅದರೊಳಗೆ ಚಿಕ್ಕ ಕೆಪಾಸಿಟರ್‌ಗಳು ಇರುತ್ತವೆ. ಅವುಗಳಿಂದ ಸೋರುವ ಅಲ್ಪಸ್ವಲ್ಪ ಕರೆಂಟು ಅರ್ಥಿಂಗ್ ತಂತಿಯಲ್ಲಿ ಭೂಮಿಗೆ ಹೋಗಬೇಕು. ಅರ್ಥಿಂಗ್ ಇಲ್ಲದಿದ್ದರೆ ಅದಕ್ಕೆ ಹೋಗಲು ದಾರಿ ಇಲ್ಲ, ಕ್ಯಾಬಿನೆಟ್‌ನಲ್ಲೇ ನಿಲ್ಲುತ್ತೆ. ಮನೆ ಕರೆಂಟಿನ ಸುಮಾರು ಅರ್ಧದಷ್ಟು ವೋಲ್ಟೇಜ್ ಅಲ್ಲಿ ಕಾಣಿಸುತ್ತೆ. ಜುಮ್ ಅನ್ನುವ ಇಷ್ಟು ಸೋರಿಕೆ ಪ್ರಾಣ ತೆಗೆಯುವುದಿಲ್ಲ. ಆದರೆ ನಿಜವಾಗಿ ಏನಾದರೂ ಶಾರ್ಟ್ ಆದ ದಿನ ಕಾಯಬೇಕಾದ್ದೂ ಅದೇ ಅರ್ಥಿಂಗ್ ಅಲ್ವಾ?

ಏಪ್ರಿಲ್ 30, ಮಂಗಳವಾರ

ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದರು. ಹಸಿರು ತಂತಿ ಗೋಡೆಯೊಳಗೆ ಸುತ್ತಿ ಮಡಚಿಟ್ಟಂತೆ ಇತ್ತು, ಮೇಲಿನ ದೊಡ್ಡ ಪಿನ್ನಿಗೆ ಸೇರಿರಲೇ ಇಲ್ಲ. ಮನೆ ಕಟ್ಟಿ 11 ವರ್ಷ ಆಯಿತು. ಅಷ್ಟೂ ವರ್ಷ ಹಾಗೇ ಇತ್ತು. ಮಕ್ಕಳಿಬ್ಬರೂ ಬಗ್ಗಿ ನೋಡುತ್ತಿದ್ದರು. ತಂತಿ ಸೇರಿಸಿದ ಮೇಲೂ ಮೀಟರ್ ಪೂರ್ತಿ ಸರಿಯಾಗಿ ತೋರಿಸಲಿಲ್ಲ. ಅವರು ಅಂಗಳಕ್ಕೆ ಹೋಗಿ ಅರ್ಥಿಂಗ್ ಗುಂಡಿಯ ಮುಚ್ಚಳ ತೆಗೆದರು. ಒಳಗೆ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಈ ವರ್ಷ ಮಳೆಯೇ ಇಲ್ಲವಲ್ಲ. ಎರಡು ಬಕೆಟ್ ನೀರು ಹೊಯ್ದು, ಅದು ಇಂಗಿದ ಮೇಲೆ ಮತ್ತೆ ನೋಡಿದರು. ಕ್ಯಾಬಿನೆಟ್‌ನಲ್ಲಿ 2 ವೋಲ್ಟ್ ಅಷ್ಟೇ. "ವಾರಕ್ಕೊಂದು ಸಲ ನೀರು ಹಾಕ್ತಾ ಇರಿ ಸಾರ್" ಅಂದರು. ಉಳಿದ ಸಾಕೆಟ್‌ಗಳನ್ನೂ ನೋಡಿಸಿದೆ, ಇನ್ನೊಂದು ಹಾಗೇ ಇತ್ತು. ಕೂಲಿ 800 ರೂಪಾಯಿ. ಈ ಕೆಲಸದಲ್ಲಿ ನಾನು ಕೊಟ್ಟ ಅತ್ಯಂತ ಒಳ್ಳೆಯ ದುಡ್ಡು ಇದೇ.

ಮೇ 10, ಶುಕ್ರವಾರ

ನಿನ್ನೆ ರಿಸಲ್ಟ್ ಬಂತು, ಮಗಳು ಪಾಸು, ಮನೆಯಲ್ಲಿ ಪಾಯಸ ಆಯಿತು. ಬ್ಲೆಂಡರ್‌ನಲ್ಲಿ ಅವಳ ಮೊದಲ ಕೆಲಸ ಅಜ್ಜಿಯ ಹಿತ್ತಾಳೆ ಚೊಂಬು. ಹೊಳಪು ಇನ್ನೂ ಸರಿ ಬಂದಿಲ್ಲ ಅಂತ ದಿನವೂ ತಿದ್ದುತ್ತಾಳೆ. ಮಗ ದಿನಕ್ಕೆ ಒಂದೂವರೆ ಗಂಟೆ ಆಡುತ್ತಾನೆ. ಆಡುವಾಗ ಕಾರ್ಡ್ 72 ಡಿಗ್ರಿ ದಾಟುವುದಿಲ್ಲ, ಈ ಸೆಖೆಯಲ್ಲೂ.

ಉಳಿದ 1,300 ರೂಪಾಯಿಯನ್ನು ಯುಪಿಎಸ್‌ಗೆ ಅಂತ ಎತ್ತಿಟ್ಟಿದ್ದೇವೆ. 600 ವಿಎ ಯುಪಿಎಸ್ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ನಮಗೆ ಸಾಕೋ ಸಾಲದೋ ಅಂತ ಇಬ್ಬರೂ ನೋಟ್‌ಬುಕ್ ಹಿಡಿದು ಕೂಡುತ್ತಿದ್ದಾರೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರೆಲ್ಲ ಈಗ ಹಿತ್ತಲ ಬಕೆಟ್‌ಗೆ ಹೋಗುತ್ತೆ. ನಾಳೆ ಶನಿವಾರ. ಗುಂಡಿಗೆ ನೀರು ಹಾಕುವ ಸರದಿ ಮಗನದು.