ಗಾಜಿನ ಗೋಡೆ ಬಿಡಿಸಿದ ಮಧ್ಯಾಹ್ನ

ಸ್ಪೇನ್‌ನ ಮಲ್ಯೋರ್ಕಾ ದ್ವೀಪದ ದಕ್ಷಿಣ ದಂಡೆಯ ಒಂದು ಮನೆಯ ಡಿಸೈನ್ ನನ್ನ ಪಾಲಿಗೆ ಬಂತು. ಮಾಲಕಿಗೆ ಬೇಕಾಗಿದ್ದದ್ದು ಒಂದೇ. ಸಮುದ್ರದ ಕಡೆಗೆ ನೆಲದಿಂದ ಸೂರಿನವರೆಗೂ ಗಾಜು. ಪರಿಸರಕ್ಕೆ ಹೊರೆಯಾಗದ ಮನೆ ಬೇಕು ಅಂದವರೂ ಅವರೇ! ದಕ್ಷಿಣಕ್ಕೆ ಅಷ್ಟು ಗಾಜು ಇಟ್ಟರೆ ಬೇಸಿಗೆಯಲ್ಲಿ ಹಗಲಿಡೀ ಎಸಿ ಓಡಬೇಕಾಗುತ್ತೆ ಅಂತ ಲೆಕ್ಕ ತೋರಿಸಿದೆ. ತಲೆಯಾಡಿಸಿದರು. ಮತ್ತೆ ಗಾಜಿನ ಮಾತಿಗೇ ಬಂದರು.

ಅದಕ್ಕೇ ಜುಲೈನ ಒಂದು ಮಟಮಟ ಮಧ್ಯಾಹ್ನ ಅವರನ್ನು ಸೈಟಿಗೆ ಕರೆದೆ, ಬೇಕಂತಲೇ. ನೀರಿಗೆ ಮುಖ ಮಾಡಿ ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ಅಗಲ ಅಂಚಿನ ಟೋಪಿ ಹಾಕಿದ್ದರು, ಆದರೆ ಅಲ್ಲಿ ಬೆಳಕು ಬರೀ ಮೇಲಿಂದ ಬರೋದಲ್ಲ, ನೀರಿಗೆ ಬಿದ್ದು ಎದ್ದು ಟೋಪಿಯ ಕೆಳಗಿಂದ ನುಗ್ಗಿ ಕಣ್ಣಿಗೆ ಹೊಡೆಯುತ್ತೆ. ಸ್ವಲ್ಪ ಹೊತ್ತಿಗೇ ಕುರ್ಚಿ ತಿರುಗಿಸಿಕೊಂಡರು.

ಆಗ ಯೋರ್ನ್ ಉಟ್ಸನ್ ಕಥೆ ಹೇಳಿದೆ. ಸಿಡ್ನಿ ಒಪೆರಾ ಹೌಸ್ ಡಿಸೈನ್ ಮಾಡಿದವರು. 1970ರ ದಶಕದ ಶುರುವಿನಲ್ಲಿ ಇದೇ ದ್ವೀಪದ ಬಂಡೆಯಂಚಿನಲ್ಲಿ ತಮಗಾಗಿ ‘ಕಾನ್ ಲಿಸ್’ ಕಟ್ಟಿಕೊಂಡರು. ದಪ್ಪ ಕಲ್ಲಿನ ಆಳವಾದ ಗೂಡುಗಳ ತುದಿಯಲ್ಲಿ ಗಾಜು, ಅದರ ಚೌಕಟ್ಟು ಹೊರಗಡೆ, ಒಳಗೆ ಕೂತವರಿಗೆ ಬರೀ ಸಮುದ್ರ. ಅಷ್ಟು ಮಾಡಿದರೂ ವಯಸ್ಸಾಗುತ್ತಾ ಆ ಝಳ ಅವರ ಕಣ್ಣಿಗೆ ತಡೆಯಲಿಲ್ಲ. ದಂಡೆಯಿಂದ ದೂರ, ಬೆಟ್ಟದ ಕಡೆ ‘ಕಾನ್ ಫೆಲಿಸ್’ ಅಂತ ಇನ್ನೊಂದು ಮನೆ ಕಟ್ಟಿಸಿಕೊಂಡು ಹೋದರು.

ಮೇಸ್ತ್ರಿ ಅಷ್ಟರಲ್ಲಿ ಗಾರೆ ಇಲ್ಲದೆ ಕಲ್ಲು ಜೋಡಿಸಿ ಒಂದು ಮಾದರಿ ಕಿಟಕಿ ಎಬ್ಬಿಸಿದ್ದ. ಕಲ್ಲಿನ ಹೆಸರು ಮರೇಸ್, ಜೇನು ಬಣ್ಣದ ಮರಳುಗಲ್ಲು. ನಮ್ಮ ಉಡುಪಿ ಕಡೆಯ ಮುರಕಲ್ಲಿನ ಹಾಗೆ ಇದನ್ನೂ ಕ್ವಾರಿಯಲ್ಲೇ ಇಟ್ಟಿಗೆಯಾಗಿ ಕೊಯ್ದು ತರುತ್ತಾರೆ. ಇದರದು ದೊಡ್ಡ ಸೈಜು, 80 ಸೆಂಟಿಮೀಟರ್ ಉದ್ದ, 40 ಅಗಲ. ಮಾಲಕಿ ಆ ಕಲ್ಲಿನ ಹಿಂದೆ ನೆರಳಲ್ಲಿ ಹೋಗಿ ಕೂತರು. ಟೋಪಿ ತೆಗೆದರು. “ಈಗ ನೀಲಿ ಕಾಣ್ತಿದೆ, ಆಗ ಬರೀ ಬಿಳಿ” ಅಂದರು. ನಾನು ಸುಮ್ನಿದ್ದೆ. ಮೇಸ್ತ್ರಿ ಮಾತ್ರ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಅಲ್ಲಿಂದ ಮುಂದಿನದು ಸಲೀಸಾಯಿತು. ಕಿಟಕಿಗಳಿಗೆ ಪರ್ಸಿಯಾನಾ, ಅಂದರೆ ಮರದ ಪಟ್ಟಿಗಳ ಬಾಗಿಲು. ಮುಚ್ಚಿದರೂ ಸಂದಿಯಲ್ಲಿ ಎಂಬಾತ್ ಬರುತ್ತೆ, ಅಂದರೆ ಅಲ್ಲಿ ಬೇಸಿಗೆಯ ಹಗಲು ಸಮುದ್ರದಿಂದ ಬೀಸುವ ಗಾಳಿ. ಮಳೆ ಅಲ್ಲಿ ಮುಖ್ಯವಾಗಿ ಬೇಸಿಗೆ ಮುಗಿದ ಮೇಲೆ. ಹಾಗಾಗಿ ಚಾವಣಿ ನೀರೆಲ್ಲ ಅಂಗಳದ ಕೆಳಗಿನ ಅಲ್ಜುಬ್‌ಗೆ. ಹಳೇ ಕಾಲದ ತೊಟ್ಟಿ ಅದು, ಅಲ್ಲಿನ ರೈತರ ಮನೆಗಳಲ್ಲಿ ಈಗಲೂ ಇದೆ.

ಶಾಖ ತಡೆಯೋಕೆ ಚಾವಣಿಯೊಳಗೆ ಪೊಸಿಡೋನಿಯಾ ತುಂಬೋಣ ಅಂದಾಗ ಮಾತ್ರ ಅವರು ಮೂಗು ಮುರಿದರು. ದಡಕ್ಕೆ ಬಂದು ಬೀಳುವ ಕಡಲಹುಲ್ಲು ತಾನೇ, ವಾಸನೆ ಬರುತ್ತಲ್ವಾ? ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದರೆ ಬರಲ್ಲ, ಉಪ್ಪಿರೋದರಿಂದ ಹುಳವೂ ಹಿಡಿಯಲ್ಲ. ಅದೇ ದ್ವೀಪಸಮೂಹದ ಫಾರ್ಮೆಂಟೆರಾದಲ್ಲಿ ಸರ್ಕಾರಿ ವಸತಿ ಸಂಸ್ಥೆ ಕಟ್ಟಿದ 14 ಮನೆಗಳ ಚಾವಣಿಯಲ್ಲಿ ಇದನ್ನೇ ಹಾಕಿದ್ದಾರೆ. ಕಡಿಮೆ ಬಾಡಿಗೆಯ ಮನೆಗೆ ಸಲ್ಲುವುದು ಐಷಾರಾಮಿ ಮನೆಗೆ ಯಾಕೆ ಬೇಡ? ಒಪ್ಪಿದರು.

ಈಜುಕೊಳ ಮಾತ್ರ ಬಿಡಲಿಲ್ಲ. ನೀರಿಗೆ ಬರವಿರುವ ಊರು, ಈಜೋದಕ್ಕೆ ಎದುರಿಗೇ ಇಡೀ ಮೆಡಿಟರೇನಿಯನ್ ಇದೆಯಲ್ಲ ಅಂದರೆ, “ಅದರಲ್ಲಿ ಜೆಲ್ಲಿ ಮೀನಿವೆ” ಅಂದರು. ಅದಕ್ಕೆ ನನ್ನ ಹತ್ತಿರ ಲೆಕ್ಕ ಇರಲಿಲ್ಲ.