ವಾಹನವಿಲ್ಲದ ದ್ವೀಪದ ಕಲ್ಲುಗಳು ಮತ್ತು ನಮ್ಮ ಮರಡಿಹಳ್ಳಿ

ಚಿತ್ರದುರ್ಗದವರಿಗೆ ಕಲ್ಲು ತೋರಿಸುತ್ತೇನೆಂದು ಯಾರಾದರೂ ಹೇಳಿದರೆ ನಗು ಬರುವುದು ಸಹಜ. ಏಳು ಸುತ್ತಿನ ಕೋಟೆಯ ಬುಡದಲ್ಲಿ ಬೆಳೆದು, ಒನಕೆ ಓಬವ್ವನ ಕಿಂಡಿಯಿಂದ ಗೋಪಾಲಸ್ವಾಮಿ ಹೊಂಡದವರೆಗೆ ಬಂಡೆಗಳ ನಡುವೆಯೇ ಓಡಾಡಿದ ನಮಗೆ, ಕಲ್ಲು ನೋಡಲೆಂದು ಘಟ್ಟ ಇಳಿಯುವುದು ವಿಚಿತ್ರವಾಗಿಯೇ ತೋರುತ್ತದೆ. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋಣವೆಂದು ನಾನು ಹೇಳಿದಾಗ ಅಕ್ಕ ಕೂಡಲೇ ಒಪ್ಪಿದಳು. ಲಾರಿ ವ್ಯವಹಾರದಲ್ಲಿರುವ ಭಾವ ಮಾತ್ರ, “ಕಲ್ಲು ನೋಡೋಕೆ ಅಷ್ಟು ದೂರ ಯಾಕಪ್ಪಾ, ಮೇಲುದುರ್ಗಕ್ಕೆ ಹತ್ತಿದರೆ ಸಾಕಲ್ಲ” ಎಂದರು. ಆ ದ್ವೀಪದಲ್ಲಿ ಯಾವ ವಾಹನವೂ ಇಲ್ಲವೆಂದು ತಿಳಿದ ಮೇಲೆ ಅವರ ಉತ್ಸಾಹ ಇನ್ನಷ್ಟು ಕುಗ್ಗಿತು. ಬೀದಿಯ ಕೊನೆಯ ಅಂಗಡಿಗೂ ಸ್ಕೂಟರಿನಲ್ಲೇ ಹೋಗುವವರು ಅವರು.

ಹೊಳಲ್ಕೆರೆ, ಚನ್ನಗಿರಿ, ಶಿವಮೊಗ್ಗ, ತೀರ್ಥಹಳ್ಳಿಗಳನ್ನು ಹಾದು ಆಗುಂಬೆಯ ತಿರುವುಗಳಲ್ಲಿ ಇಳಿದು ಹೆಬ್ರಿಯ ಮೂಲಕ ಉಡುಪಿ ಸೇರುವ ದಾರಿಯ ಬಗ್ಗೆ ಬರೆದವರು ಬಹಳ ಮಂದಿ ಇರುವುದರಿಂದ ನಾನು ಅದನ್ನು ಬಿಟ್ಟು ನೇರವಾಗಿ ಮಲ್ಪೆಗೆ ಬರುತ್ತೇನೆ. ವಡಭಾಂಡೇಶ್ವರದ ಬಲರಾಮನಿಗೆ ಅಕ್ಕ ಕೈಮುಗಿದು ಬಂದ ಮೇಲೆ ನಾವು ದೋಣಿ ಹಿಡಿದೆವು. ವಾರದ ನಡುವಿನ ದಿನವಾಗಿದ್ದರಿಂದ, ದೋಣಿಗೆ ಸಾಕಷ್ಟು ಜನ ಸೇರುವವರೆಗೆ ಕಾಯಬೇಕಾಯಿತು. ಶನಿವಾರ, ಭಾನುವಾರಗಳಲ್ಲಿ ಈ ಕಾಯುವಿಕೆ ಇರುವುದಿಲ್ಲ, ಆದರೆ ಆಗ ದ್ವೀಪದಲ್ಲಿ ಮೌನವೂ ಇರುವುದಿಲ್ಲ; ಕಾಯುವುದೇ ಮೇಲೆಂಬುದು ನನ್ನ ಅಭಿಪ್ರಾಯ. ದಡದಿಂದ ಸುಮಾರು 6 ಕಿಲೋಮೀಟರ್ ದೂರವಿರುವ ದ್ವೀಪಕ್ಕೆ ಅರ್ಧ ಗಂಟೆಯೊಳಗೆ ತಲುಪಬಹುದು.

ಸೇಂಟ್ ಮೇರೀಸ್ ಎಂಬುದು ಒಂದೇ ದ್ವೀಪವಲ್ಲ, ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ನಿಂತಿರುವ ದ್ವೀಪಗಳ ಗುಂಪು. ಪ್ರವಾಸಿಗರು ಇಳಿಯುವುದು ತೆಂಗಿನ ಮರಗಳಿರುವ ದ್ವೀಪದಲ್ಲಿ; ಇದಕ್ಕೆ ತೋನ್ಸೆಪಾರ್ ಎಂಬ ಹೆಸರೂ ಇದೆ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಕಡೆ ಬಂದಿದ್ದಾಗ ಇಲ್ಲಿ ಶಿಲುಬೆ ನೆಟ್ಟು ಮೇರಿಯ ಹೆಸರಿಟ್ಟನೆಂಬ ಕಥೆಯನ್ನು ದೋಣಿಯಲ್ಲಿಯೇ ಹೇಳುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅದೇ ಸಾಲಿನ ದರಿಯಾ ಬಹದ್ದೂರ್‌ಗಢ. ಅಲ್ಲಿನ ಕೋಟೆಯನ್ನು ಕಟ್ಟಿಸಿದವನು ಬಿದನೂರಿನ ಬಸಪ್ಪ ನಾಯಕನೆಂದು ಹೇಳುತ್ತಾರೆ. ಬಿದನೂರಿನವರಿಗೂ ದುರ್ಗದ ಪಾಳೆಯಗಾರರಿಗೂ 18ನೆಯ ಶತಮಾನದ ನಡುವಿನಲ್ಲಿ ಮಾಯಕೊಂಡದ ಬಯಲಿನಲ್ಲಿ ಕಾಳಗ ನಡೆದು, ನಮ್ಮ ನಾಯಕನೇ ಅಲ್ಲಿ ಮಡಿದ ಸಂಗತಿ ದಾವಣಗೆರೆ-ಚಿತ್ರದುರ್ಗದ ಕಡೆಯವರಿಗೆ ಗೊತ್ತಿರುವುದೇ. ಅಂಥವರ ಕೈ ಸಮುದ್ರದೊಳಗೂ ಚಾಚಿತ್ತೆಂಬುದನ್ನು ಕಂಡಾಗ, ಶತ್ರುವಿನ ಬಗ್ಗೆಯೂ ಸ್ವಲ್ಪ ಗೌರವ ಹುಟ್ಟುತ್ತದೆ.

ತೆಂಗಿನ ದ್ವೀಪದ ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ಸುಮಾರು 100 ಮೀಟರ್. ಇಲ್ಲಿ ಮನೆಗಳಿಲ್ಲ, ಡಾಂಬರು ರಸ್ತೆಯಿಲ್ಲ, ಸೈಕಲ್ ಕೂಡ ಇಲ್ಲ. ಜನವಸತಿಯೇ ಇಲ್ಲದ ಕಡೆ ವಾಹನವಿಲ್ಲದಿರುವುದು ಏನು ದೊಡ್ಡ ಸಂಗತಿ ಎಂದು ಕೇಳಬಹುದು, ಮತ್ತು ಆ ಪ್ರಶ್ನೆ ನ್ಯಾಯವಾದುದೇ. ಆದರೆ ಜನ ಸೇರುವ ಪ್ರವಾಸಿ ಸ್ಥಳಗಳ ಸದ್ದಿನಲ್ಲಿ ಬಹುಪಾಲು ಅಲ್ಲಿಗೆ ಬಂದವರದಲ್ಲ, ಅವರನ್ನು ಹೊತ್ತು ತಂದ ಗಾಡಿಗಳದು. ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲಿ, ಹಗಲೂ ರಾತ್ರಿಯೂ ಲಾರಿಗಳ ಸದ್ದು ಕೇಳುತ್ತ ಬದುಕುವ ನಮಗೆ ಹಾರನ್ ಇಲ್ಲದ ಜಾಗಕ್ಕೆ ಹೊಂದಿಕೊಳ್ಳಲು ತುಸು ಹೊತ್ತು ಬೇಕಾಗುತ್ತದೆ. ದೋಣಿಯ ಎಂಜಿನ್ ನಿಂತ ಮೇಲೆ ಉಳಿಯುವುದು ಗಾಳಿ, ಕಾಗೆ, ಮತ್ತು ಕಂಬಗಳ ಸಂದಿನೊಳಗೆ ನುಗ್ಗಿ ಹಿಂದೆ ಸರಿಯುವ ನೀರು. ಇದಕ್ಕಿಂತ ಮುಖ್ಯವಾದ ವ್ಯತ್ಯಾಸವೆಂದರೆ, ವಾಹನವಿಲ್ಲದ ಕಡೆ ನೋಡಬೇಕಾದುದರ ಎದುರಿಗೇ ಗಾಡಿ ನಿಲ್ಲಿಸಿ, ಫೋಟೋ ತೆಗೆದು, ಮುಂದಕ್ಕೆ ಹೊರಡುವ ಸೌಕರ್ಯ ಇರುವುದಿಲ್ಲ. ಮರಳಿ ಹೋಗುವ ದೋಣಿ ಬರುವವರೆಗೆ ಇರುವುದು ಈ ಕಲ್ಲುಗಳು, ನಮ್ಮ ಕಾಲುಗಳು ಮತ್ತು ಸಮಯ. ಹಾಗಾಗಿಯೇ ಭಾವನಂಥವರೂ ಬಗ್ಗಿ ಕಲ್ಲು ನೋಡತೊಡಗಿದರು.

ಮತ್ತು ಆ ಕಲ್ಲುಗಳು ನಿಂತು ನೋಡುವಂಥವೇ. ದಡದುದ್ದಕ್ಕೂ ಒತ್ತೊತ್ತಾಗಿ ನಿಂತ ಕಂಬಗಳು, ಕೆಲವು ಮೊಣಕಾಲೆತ್ತರಕ್ಕೆ, ಕೆಲವು ಸುಮಾರು 6 ಮೀಟರ್ ಎತ್ತರಕ್ಕೆ ಎದ್ದಿವೆ. ತಲೆಯ ಭಾಗವನ್ನು ನೋಡಿದರೆ ಹೆಚ್ಚಿನವಕ್ಕೆ ಆರು ಮುಖಗಳು, ಕೆಲವಕ್ಕೆ ಐದು ಅಥವಾ ಏಳು. “ಇದನ್ನು ಯಾರೋ ಕಡೆದು ನಿಲ್ಲಿಸಿದ್ದಾರೆ ಕಣೋ” ಎಂದು ಅಕ್ಕ ಹೇಳಿದಳು. ಹೊಯ್ಸಳರ ನಾಡಿನವರು ಹಾಗೆ ಅಂದುಕೊಂಡರೆ ತಪ್ಪಿಲ್ಲ. ಭಾವ ಒಂದೊಂದೇ ಕಂಬದ ಮೂಲೆಗಳನ್ನು ಎಣಿಸುತ್ತ, “ಇದಕ್ಕೆ ಐದೇ ನೋಡಪ್ಪಾ, ಇಲ್ಲಿ ಲೆಕ್ಕ ತಪ್ಪಿದೆ” ಎಂದು ದೂರು ಹೇಳಿದರು.

ಲೆಕ್ಕ ತಪ್ಪಿಲ್ಲ, ಈ ಕಂಬಗಳು ಲಾವಾರಸ ತಣಿದು ಆದವು. ಹರಡಿಕೊಂಡ ಲಾವಾರಸ ಹೊರಮೈಯಿಂದ ಒಳಕ್ಕೆ ನಿಧಾನವಾಗಿ ತಣಿಯುತ್ತದೆ, ತಣಿದಂತೆ ಕುಗ್ಗುತ್ತದೆ, ಕುಗ್ಗುವಾಗ ಎಲ್ಲ ದಿಕ್ಕುಗಳಿಂದಲೂ ಎಳೆತ ಉಂಟಾಗಿ ಮೇಲ್ಮೈ ಬಿರಿಯುತ್ತದೆ. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಮಣ್ಣು ಬಿರುಕು ಬಿಡುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ, ಮತ್ತು ನಮ್ಮ ಜಿಲ್ಲೆಯಲ್ಲಿ ಅದನ್ನು ಕಾಣದವರು ಯಾರೂ ಇರಲಾರರು. ಮೂರು ಬಿರುಕುಗಳು ಒಂದು ಬಿಂದುವಿನಲ್ಲಿ ಸುಮಾರು 120 ಡಿಗ್ರಿ ಕೋನದಲ್ಲಿ ಕೂಡಿದರೆ ಎಳೆತ ಅತ್ಯಂತ ಸುಲಭವಾಗಿ ಸಡಿಲಗೊಳ್ಳುತ್ತದೆ, ಆ ಕೋನಗಳು ಸುತ್ತಲೂ ಕೂಡಿಕೊಂಡಾಗ ಆರು ಮುಖದ ಆಕೃತಿ ಒದಗುತ್ತದೆ. ತಣಿಯುವಿಕೆ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲವಾದ್ದರಿಂದ ಐದೂ ಏಳೂ ನಡುವೆ ಸೇರಿಕೊಳ್ಳುತ್ತವೆ. ತಣಿವು ಕೆಳಗಿಳಿದಂತೆ ಬಿರುಕೂ ಅದನ್ನು ಹಿಂಬಾಲಿಸಿ ಆಳಕ್ಕೆ ಇಳಿಯುವುದರಿಂದ ಮೇಲಿನ ಆಕೃತಿಯೇ ಉದ್ದದ ಕಂಬವಾಗುತ್ತದೆ.

ಇದನ್ನು ಬಸಾಲ್ಟ್, ಅಂದರೆ ಸಿಲಿಕಾ ಕಡಿಮೆ ಇರುವ ಕಪ್ಪು ಲಾವಾಶಿಲೆ, ಎಂದು ಕರೆಯುವ ರೂಢಿ ಇದ್ದರೂ, ಸಿಲಿಕಾ ಹೆಚ್ಚಾಗಿರುವ ಈ ಶಿಲೆಯನ್ನು ಭೂವಿಜ್ಞಾನಿಗಳು ರಯೋಲೈಟ್ ಮತ್ತು ರಯೋಡೇಸೈಟ್ ಗುಂಪಿಗೆ ಸೇರಿಸುತ್ತಾರೆ. ಉತ್ತರ ಕರ್ನಾಟಕ ಹಾಗೂ ಮಹಾರಾಷ್ಟ್ರವನ್ನು ಆವರಿಸಿರುವ ದಖನ್ ಲಾವಾದ ತುಣುಕು ಇದೆಂಬ ಮಾತೂ ಸರಿಯಲ್ಲ. ದಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಮಲ್ಪೆಯ ಈ ಕಂಬಗಳು ಅದಕ್ಕೂ ಸುಮಾರು 2 ಕೋಟಿ ವರ್ಷ ಹಿಂದಿನವು, ಭಾರತದ ಪಡುವಣ ಅಂಚಿನಿಂದ ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದವು. ಅಂದರೆ ಈ ದ್ವೀಪದ ಪಡುವಣ ಅಂಚಿನಲ್ಲಿ ನಿಂತವರು, ಒಂದು ಕಾಲಕ್ಕೆ ನೆಲಕ್ಕೆ ನೆಲ ಅಂಟಿಕೊಂಡಿದ್ದ ದಿಕ್ಕಿಗೆ ಮುಖಮಾಡಿ ನಿಂತಿರುತ್ತಾರೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿದ ತಾಣಗಳಲ್ಲಿ ಈ ದ್ವೀಪವೂ ಒಂದು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇನ್ನೊಂದು. ಅದೇ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಐಮಂಗಲದ ಹತ್ತಿರದ ಮರಡಿಹಳ್ಳಿಯೂ ಇದೆಯೆಂದು ನಾನು ದ್ವೀಪದಲ್ಲಿಯೇ ಹೇಳಿದಾಗ ಭಾವ ನಂಬಲಿಲ್ಲ. ಐಮಂಗಲದ ಮೇಲೆ ಹಾದುಹೋಗುವ ಹೆದ್ದಾರಿಯಲ್ಲಿ ಅವರು ಲಾರಿ ಓಡಿಸಿದ ವರ್ಷಗಳಿಗೆ ಲೆಕ್ಕವಿಲ್ಲ, “ಮರಡಿಹಳ್ಳಿಯಲ್ಲಿ ಏನಿದೆಯಪ್ಪಾ ನೋಡೋಕೆ?” ಎಂಬುದು ಅವರ ಪ್ರಶ್ನೆ.

ಅಲ್ಲಿರುವುದು ದಿಂಬು ಲಾವಾ, ಸುಮಾರು 250 ಕೋಟಿ ವರ್ಷ ಹಿಂದಿನದು. ಮಲ್ಪೆಯ ಕಂಬಗಳಿಗಿಂತ ಅದು 25 ಪಟ್ಟಿಗೂ ಹೆಚ್ಚು ಹಿರಿಯದು. ಎರಡೂ ಲಾವಾರಸವೇ, ಆದರೆ ಒಂದು ನಿಧಾನವಾಗಿ ತಣಿದದ್ದು, ಇನ್ನೊಂದು ನೀರಿನೊಳಗೆ ಥಟ್ಟನೆ ತಣಿದದ್ದು. ನೀರಿನಡಿಯಲ್ಲಿ ಉಕ್ಕಿದ ಲಾವಾದ ಹೊರಮೈ ತಂಪು ತಗುಲಿದ ಕ್ಷಣದಲ್ಲೇ ಗಟ್ಟಿಯಾಗಿ, ಒಳಗಿನ ರಸವನ್ನು ಚೀಲದೊಳಗಿಟ್ಟಂತೆ ಹಿಡಿದಿಡುತ್ತದೆ. ಒತ್ತಡ ಹೆಚ್ಚಿದಾಗ ಆ ಸಿಪ್ಪೆ ಒಂದೆಡೆ ಒಡೆದು, ಅಲ್ಲಿಂದ ಮತ್ತೊಂದು ಮುದ್ದೆ ಹೊರಬಂದು ಅದೂ ಗಟ್ಟಿಯಾಗುತ್ತದೆ. ಹೀಗೆ ಒಂದರ ಮೇಲೊಂದು ಪೇರಿಕೊಂಡ ಮುದ್ದೆಗಳಲ್ಲಿ ಮೇಲಿನದು ಇನ್ನೂ ಮೆದುವಾಗಿರುವಾಗ ಕೆಳಗಿನ ಎರಡರ ನಡುವಿನ ಸಂದಿಗೆ ಜೋತುಬೀಳುವುದರಿಂದ ಅದರ ಬೆನ್ನು ಉಬ್ಬಿರುತ್ತದೆ, ಅಡಿಭಾಗ ಚೂಪಾಗಿರುತ್ತದೆ. ಭೂಮಿಯ ಪದರಗಳು ಮಡಿಚಿ ಮಗುಚಿದ ಕಡೆಗಳಲ್ಲಿ ಮೊದಲು ಮೇಲಿದ್ದದ್ದು ಯಾವ ಬದಿ ಎಂಬುದನ್ನು ಭೂವಿಜ್ಞಾನಿಗಳು ಈ ಗುರುತಿನಿಂದಲೇ ಕಂಡುಹಿಡಿಯುತ್ತಾರೆ.

ಇಲ್ಲಿಂದ ಹೊರಡುವ ತೀರ್ಮಾನ ಬಯಲುಸೀಮೆಯವರಿಗೆ ಕೊಂಚ ತಮಾಷೆಯದು. ಮಳೆಗಾಗಿ ಆಕಾಶ ನೋಡುವ, ಕೊಳವೆಬಾವಿಯನ್ನು ಸಾವಿರ ಅಡಿಗೆ ಇಳಿಸುವ ಐಮಂಗಲದ ಆಸುಪಾಸಿನ ನೆಲ ಒಮ್ಮೆ ನೀರಿನಡಿಯಲ್ಲಿತ್ತು, ಅದಕ್ಕೆ ಸಾಕ್ಷಿ ಹೊಲದ ಬದಿಯಲ್ಲೇ ಬಿದ್ದಿದೆ. ಈಗ ಸಮುದ್ರದ ನಡುವೆ ಇರುವ ಮಲ್ಪೆಯ ಕಲ್ಲು ರೂಪುಗೊಳ್ಳಲು ನೀರು ಬೇಕಾಗಿರಲಿಲ್ಲ, ಒಣ ದುರ್ಗದ ಕಲ್ಲಿಗೆ ನೀರೇ ರೂಪ ಕೊಟ್ಟಿದೆ. ಅಕ್ಕ ಇದನ್ನು ಕೇಳಿ, “ನಮ್ಮೂರಿನ ಸಮುದ್ರ ಯಾವಾಗ ಬತ್ತಿತೋ ಯಾರಿಗೆ ಗೊತ್ತು, ಕೆರೆಯನ್ನಾದರೂ ಉಳಿಸಿಕೊಂಡಿದ್ದರೆ ಸಾಕಿತ್ತು” ಎಂದಳು.

ಎರಡು ತಾಣಗಳ ಗೌರವದಲ್ಲಿರುವ ಅಂತರಕ್ಕೆ ಕಾರಣ ಅವುಗಳ ಯೋಗ್ಯತೆಯಲ್ಲ ಎಂದೇ ನನ್ನ ನಂಬಿಕೆ. ದ್ವೀಪವನ್ನು ಸಮುದ್ರ ಕಾಯುತ್ತಿದೆ: ಮಳೆಗಾಲದಲ್ಲಿ ಕಡಲು ಒರಟಾಗಿ ದೋಣಿ ನಿಲ್ಲುವುದರಿಂದ ಪ್ರತಿ ವರ್ಷ ಕೆಲವು ತಿಂಗಳು ಕಲ್ಲುಗಳಿಗೆ ಬಿಡುವು ದೊರೆಯುತ್ತದೆ, ಉಳಿದ ತಿಂಗಳುಗಳಲ್ಲಿ ಬಂದವರೂ ನಡೆದೇ ನೋಡಬೇಕಾಗುತ್ತದೆ. ಮರಡಿಹಳ್ಳಿಯ ಕಲ್ಲಿಗೆ ಅಂಥ ಕಾವಲಿಲ್ಲ. ಹೆದ್ದಾರಿ ಹತ್ತಿರದಲ್ಲೇ ಇರುವುದು ಅದಕ್ಕೆ ಅನುಕೂಲವಾಗುವ ಬದಲು, ಸಾವಿರಾರು ಮಂದಿ ಪ್ರತಿದಿನ ವೇಗವಾಗಿ ಅದನ್ನು ದಾಟಿ ಹೋಗುವುದಕ್ಕಷ್ಟೇ ನೆರವಾಗಿದೆ.

ದ್ವೀಪಕ್ಕೆ ಹೋಗುವವರಿಗೆ ಕೆಲವು ಮಾತುಗಳನ್ನು ಹೇಳುವುದು ಒಳ್ಳೆಯದು. ಅಕ್ಟೋಬರ್ ನಂತರ, ವಾರದ ದಿನ, ಬೆಳಗಿನ ಮೊದಲ ದೋಣಿಗೇ ಹೋಗಿ. ತೆಂಗಿನ ಮರಗಳನ್ನು ಬಿಟ್ಟರೆ ನೆರಳು ಕಡಿಮೆ, ಕಲ್ಲು ಬೇಗನೆ ಕಾಯುತ್ತದೆ, ದಡದಲ್ಲಿ ಮರಳಿಗಿಂತ ಒಡೆದ ಕಪ್ಪೆಚಿಪ್ಪೇ ಹೆಚ್ಚಾಗಿರುವುದರಿಂದ ಗಟ್ಟಿ ಚಪ್ಪಲಿ ಇರಲಿ. ರಾತ್ರಿ ಉಳಿಯಲು ಅವಕಾಶವಿಲ್ಲ. ಒದ್ದೆ ಕಂಬಗಳ ಮೇಲೆ ಸೆಲ್ಫಿಗಾಗಿ ಹತ್ತುವುದು ಮತ್ತು ಗುರುತು ಹಾಕಿದ ಜಾಗದ ಹೊರಗೆ ನೀರಿಗಿಳಿಯುವುದು ಎರಡೂ ಪ್ರಾಣಕ್ಕೆ ಎರವಾಗಿರುವ ಉದಾಹರಣೆಗಳಿವೆ. ಬಯಲುಸೀಮೆಯ ನಮಗೆ ಅಲೆಯ ಅಂದಾಜು ಇರುವುದಿಲ್ಲವಾದ್ದರಿಂದ ಕಾವಲುಗಾರರ ಸೀಟಿಗೆ ಕಿವಿಗೊಡಬೇಕು.

ಅದಕ್ಕೂ ಮೊದಲು, ಚಿತ್ರದುರ್ಗ, ಹಿರಿಯೂರು, ದಾವಣಗೆರೆಯ ಕಡೆಯವರು ಐಮಂಗಲದ ಹತ್ತಿರ ಹೆದ್ದಾರಿ ಬಿಟ್ಟು ಮರಡಿಹಳ್ಳಿಗೆ ಹೋಗಿ ಬರಬಹುದು. ಬೈಕನ್ನು ಊರಿನಲ್ಲಿಯೇ ನಿಲ್ಲಿಸಿ, ಅಲ್ಲಿನವರನ್ನು ದಾರಿ ಕೇಳಿಕೊಂಡು ನಡೆದರೆ ಸಾಕು. ಹಸಿರು ಛಾಯೆಯ ಬಂಡೆಯ ಮೇಲೆ ದುಂಡಗಿನ, ಅಂಚುಗಳು ಬೇರೆಯಾಗಿ ಕಾಣುವ ಆಕೃತಿಗಳನ್ನು ಮೊದಲು ಗುರುತಿಸಬೇಕು, ಆಮೇಲೆ ಒಂದೊಂದರಲ್ಲೂ ಉಬ್ಬಿದ ಬೆನ್ನು ಯಾವುದು, ಚೂಪಾದ ಅಡಿ ಯಾವುದು ಎಂದು ಹುಡುಕಬೇಕು. ಸುತ್ತಿಗೆ ಒಯ್ಯುವುದು ಬೇಡ.