2-10-0 ಎಂಬ ಅಂಕಿ ಹೇಳದೇ ಬಿಟ್ಟದ್ದು

2-10-0, ಅಂದರೆ ಮುಂದೆ ಎರಡು ಸಣ್ಣ ಚಕ್ರ, ನಡುವೆ ಹತ್ತು ಚಾಲಕ ಚಕ್ರ, ಹಿಂದೆ ಏನೂ ಇಲ್ಲದ ಹಬೆ ಎಂಜಿನ್ನನ್ನು ಶೆಡ್ಡಿನಿಂದ ಶಂಟ್ ಮಾಡುವ ಫಾರ್ಮಿಗೆ ಸಹಿ ಹಾಕಿದ್ದು ನಾನೇ. ತಿರುವಿನ ತ್ರಿಜ್ಯ 150 ಮೀಟರ್, ಗೇಜ್ ಸರಿಯಿತ್ತು, ಅಷ್ಟು ಸಾಕೆಂದುಕೊಂಡೆ. ನಡಿಗೆಯ ವೇಗದಲ್ಲಿ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ದಾಟುವಾಗ ನಡುವಿನ ಆ್ಯಕ್ಸಲ್ ಕಡೆಯಿಂದ ಉಕ್ಕು ಕೀರಿದ ಸದ್ದು. ಬ್ರೇಕ್ ಹಾಕಿಸಿ ಬಗ್ಗಿ ನೋಡಿದರೆ ಮೂರನೇ ಜೋಡಿಯ ಒಂದು ಚಕ್ರ ಚೆಕ್ ರೈಲಿನ (ಚಕ್ರ ದಾರಿ ತಪ್ಪದಂತೆ ಹಳಿಯ ಒಳಪಕ್ಕ ಹಾಕುವ ಕಾವಲು ಹಳಿ) ನೆತ್ತಿ ಏರಿ ಕೂತಿದೆ. ಚಕ್ರದ ಉಕ್ಕಿನ ಟೈರಿಗೂ ಹಳಿಗೂ ನಡುವೆ ಬೆರಳು ತೂರುವಷ್ಟು ಬೆಳಕು. ಚಕ್ರಗಳನ್ನು ಜೋಡಿಸುವ ರಾಡ್ ಬಾಗಿದೆಯೇ, ಹಿಂದೆಳೆದರೆ ಪಕ್ಕದ ಚಕ್ರವೂ ಹಳಿ ಬಿಟ್ಟೀತೇ, ಒಬ್ಬರಿಗೂ ಗೊತ್ತಿಲ್ಲ. ಉಳಿದ ಹಬೆ ಹೊರಹೋಗಲು ಸಿಲಿಂಡರ್ ಕಾಕ್ ತೆರೆದು, ದಿಕ್ಕು ಬದಲಿಸುವ ರಿವರ್ಸರ್ ನಡುವಿಗೆ ತಂದು, ಚಕ್ರಗಳಿಗೆ ಬೆಣೆ ಕೊಟ್ಟು, ಐದೂ ಜೋಡಿಯಲ್ಲಿ ರಾಡ್ ಕೂರುವ ಕ್ರ್ಯಾಂಕ್ ಪಿನ್ ಮುಟ್ಟಿ ನೋಡಿದೆವು. ಆಮೇಲೆ ವಿಂಚಿನಿಂದ ಬಂದ ದಾರಿಯಲ್ಲೇ ಅಂಗುಲ ಅಂಗುಲವಾಗಿ ಎಳೆದೆವು. ಆ ಹೊತ್ತು ಯಾರೂ ಮಾತಾಡಲಿಲ್ಲ.

ಲೆಕ್ಕ ಸರಳ. ಮೊದಲ ಮತ್ತು ಕೊನೆಯ ಚಾಲಕ ಆ್ಯಕ್ಸಲ್‌ಗಳ ಅಂತರ 6.6 ಮೀಟರ್. ಅದರ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ 36 ಮಿಲಿಮೀಟರ್. ತುದಿಯ ಚಕ್ರಗಳು ಹೊರಹಳಿಗೆ ಒತ್ತಿದಾಗ ನಡುವಿನ ಜೋಡಿ ಅಷ್ಟು ಒಳಕ್ಕೆ ಸರಿಯುತ್ತದೆ. ಫ್ಲ್ಯಾಂಜ್ (ಚಕ್ರವನ್ನು ಹಳಿ ಮೇಲೆ ಹಿಡಿದಿಡುವ ಒಳಬದಿಯ ಏಣು) ಇದ್ದರೆ ಒಳಹಳಿಗೆ ಬಿಗಿದುಕೊಳ್ಳುತ್ತದೆ, ಅದಕ್ಕೇ ಆ ಜೋಡಿಗೆ ಫ್ಲ್ಯಾಂಜ್ ಇಲ್ಲದ ಅಗಲ ಟೈರು. ನಮ್ಮ ಪಾಯಿಂಟಿನಲ್ಲಿ ಎರಡೂ ದಾರಿ ಒಂದೇ ಕಡೆ ಬಾಗಿವೆ. ನಾವು ಹೋದ ಹೊರದಾರಿಗೆ ಚೆಕ್ ರೈಲ್ ಇರುವುದು ಹೊರಹಳಿಯ ಪಕ್ಕ. ಹೊರಗಿನ ಚಪ್ಪಟೆ ಟೈರಿನ ಅಂಚು ಸರಿಯುವುದೂ ಅದರ ಮೇಲಕ್ಕೇ. ಚೆಕ್ ರೈಲ್ ಹಳಿಯಷ್ಟೇ ಎತ್ತರವಿದ್ದಾಗ ಅಂಚು ಸುಮ್ಮನೆ ಮೇಲೆ ಹಾದುಹೋಗುತ್ತಿತ್ತು. ಹೊಸದಾಗಿ ಕೂರಿಸಿದ್ದು ಹಳಿಗಿಂತ ಎತ್ತರದ ನಮೂನೆ. ಟ್ರ್ಯಾಕ್ ವಿಭಾಗದ ನಕ್ಷೆಯಲ್ಲಿ ತ್ರಿಜ್ಯ ಬರೆದಿತ್ತು, ಎತ್ತರ ಬರೆದಿರಲಿಲ್ಲ. ನಾನೂ ಕೇಳಲಿಲ್ಲ.

ಕೇಳಬೇಕಿತ್ತು, ಏಕೆಂದರೆ ಬ್ರಿಟನ್ನಿನಲ್ಲಿ ಸಂರಕ್ಷಿಸಿಟ್ಟ 9ಎಫ್ ವರ್ಗದ 2-10-0 ಎಂಜಿನ್‌ಗಳನ್ನು ಅಲ್ಲಿನ ಮುಖ್ಯ ಮಾರ್ಗಗಳಿಂದ ದೂರವಿಟ್ಟದ್ದು ಇದೇ ಕಾರಣಕ್ಕೆ. 1900ರಲ್ಲಿ ಬಂದ, 2-10-0 ಎಂದು ಬರೆಯುವ ವೈಟ್ ಅಂಕನ ಪದ್ಧತಿ ಚಕ್ರ ಎಷ್ಟೆಂದು ಹೇಳುತ್ತದೆ. ಯಾವುದಕ್ಕೆ ಫ್ಲ್ಯಾಂಜ್ ಇಲ್ಲ, ಯಾವ ಆ್ಯಕ್ಸಲ್ ಪಕ್ಕಕ್ಕೆ ಎಷ್ಟು ಜಾರುತ್ತದೆ ಎಂಬುದು ಅದರಲ್ಲಿಲ್ಲ. ಅದೇ 1900ರಲ್ಲಿ ಆಸ್ಟ್ರಿಯಾದ ಎಂಜಿನ್ ವಿನ್ಯಾಸಕ ಗೋಲ್ಸ್‌ಡಾರ್ಫ್ ತಮ್ಮ 0-10-0ದಲ್ಲಿ ಆ್ಯಕ್ಸಲ್‌ಗಳಿಗೇ ಪಕ್ಕಕ್ಕೆ ಸರಿಯುವ ಅವಕಾಶ ಕೊಟ್ಟು ತಿರುವು ನಿಭಾಯಿಸಿದರು. ಸೋವಿಯತ್ ಒಕ್ಕೂಟದ ಏಳು ಚಾಲಕ ಆ್ಯಕ್ಸಲ್‌ಗಳ 4-14-4 ನಡುವಿನ ಚಕ್ರಗಳ ಫ್ಲ್ಯಾಂಜ್ ತೆಗೆದರೂ ಹಳಿ ಅಗಲಿಸಿತು, ಪಾಯಿಂಟ್ ಹಾಳು ಮಾಡಿತು. ಒಂದೇ ಎಂಜಿನ್ ಕಟ್ಟಿ ಕೈಬಿಟ್ಟರು.

ಈಗ ನಾವು ಹಲಗೆಯೊಂದಕ್ಕೆ ಆ ಟೈರಿನ ಅಡ್ಡಕೊಯ್ತದ ತಗಡು ಬಡಿದು, ಹಳಿ ಮೇಲಿಟ್ಟು, 36 ಮಿಲಿಮೀಟರ್ ಒಳಕ್ಕೆ ಸರಿಸಿ, ಪ್ರತಿ ಪಾಯಿಂಟಿನಲ್ಲೂ ತಳ್ಳಿಕೊಂಡು ಹೋಗುತ್ತೇವೆ. ತಗಡು ತಾಗಿದಲ್ಲಿ ಎಂಜಿನ್ ಹೋಗುವುದಿಲ್ಲ. ಶಂಟಿಂಗ್ ಫಾರ್ಮಿನಲ್ಲಿ ಚೆಕ್ ರೈಲಿನ ಎತ್ತರಕ್ಕೆ ಕಾಲಂ ಬೇಕೆಂದು ಎರಡು ಸಲ ಬರೆದುಕೊಟ್ಟೆ, ಇನ್ನೂ ಬಂದಿಲ್ಲ. ಸಹಿಯ ಪಕ್ಕ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇವೆ.